ದಾಳವಿಲ್ಲದ ಜೂಜು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಕಚೇರಿಗೆ ವಯಸ್ಸಾದ ಕಾರ್ಮಿಕರೊಬ್ಬರು ಬಂದರು. ಬಣ್ಣದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು ಕೆಮ್ಮು ಹತ್ತಿಸಿಕೊಂಡವರು. ನಾವು ಕನ್ನಡದವರೆಂದು ಯಾರೋ ಹೇಳಿದ್ದರಂತೆ. ಒಂದು ಇಂಗ್ಲೀಷ್ ಕಾಗದವನ್ನು ಮೇಜಿನ ಮೇಲಿಟ್ಟು, "ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ ಸಾಹೇಬ್ರ" ಎಂದರು. ಅದರಲ್ಲಿ 'ಆಕ್ಯುಪೇಶನಲ್ ಹ್ಯಾಜರ್ಡ್' ಎಂಬ ಮಾತಿತ್ತು. ಕಸುಬಿನಿಂದ ಬರುವ ಅಪಾಯ ಎಂದು ಬಿಡಿಸಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪಾಯ ಅದ ಅಂತ ಅವರಿಗೆ ಮೊದಲ ಗೊತ್ತಿತ್ತೇನ್ರಿ?" ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ನಾಲ್ಕು ದಿನ ಬಿಟ್ಟು ಬರಲು ಹೇಳಿ, ಆ ರಾತ್ರಿ ನಿಘಂಟನ್ನು ತೆರೆದು ಕುಳಿತೆವು.

ನೋಡಿದರೆ ಈ ಭಯಂಕರ ಮಾತು ಹುಟ್ಟಿದ್ದು ಜೂಜುಕಟ್ಟೆಯಲ್ಲಿ! ದಾಳಕ್ಕೆ ಅರಬ್ಬಿಯಲ್ಲಿದ್ದ ಹೆಸರೇ ಇದರ ಮೂಲವೆಂದು ಅನೇಕ ಪಂಡಿತರ ಮತ. ಸಿರಿಯಾದ ಕೋಟೆಯೊಂದರ ಹೆಸರಿನಿಂದ ಬಂತೆಂಬ ಹಳೆಯ ಕಥೆಯೂ ಉಂಟು. ಅದನ್ನು ನಂಬುವವರು ಕಡಮೆ. ಅಂತೂ ಫ್ರೆಂಚರ ಬಾಯಿಂದ ಇಂಗ್ಲೆಂಡಿಗೆ ಇಳಿದಾಗ 'ಹ್ಯಾಜರ್ಡ್' ಎಂದರೆ ಎರಡು ದಾಳಗಳ ಒಂದು ಆಟ, ಅಷ್ಟೆ. ಹದಿನಾಲ್ಕನೆಯ ಶತಮಾನದ ಕವಿ ಚಾಸರನು ತನ್ನ ಕಥೆಯೊಂದರಲ್ಲಿ ಈ ಚಟವನ್ನು ಚೆನ್ನಾಗಿ ಬೈಸಿದ್ದಾನೆ.

ಆಟದ ಕಟ್ಟಳೆ ಸೊಗಸಾಗಿದೆ. ದಾಳ ಹಾಕುವವನು ಮೊದಲು 5ರಿಂದ 9ರೊಳಗೆ ಒಂದು ಅಂಕಿಯನ್ನು ಕೂಗಬೇಕು. ಅದೇ ಬಿದ್ದರೆ ಗೆದ್ದ. 2 ಅಥವಾ 3 ಬಿದ್ದರೆ ಸೋತ. 11, 12ಕ್ಕೆ ಬೇರೆ ಲೆಕ್ಕವಿದೆ, ಅದು ಬೇಡ. ಇನ್ನಾವುದಾದರೂ ಬಿದ್ದರೆ ಅದಕ್ಕೆ 'ಚಾನ್ಸ್' ಎಂದು ಹೆಸರು. ಆಮೇಲೆ ಆ ಚಾನ್ಸು ಮತ್ತೆ ಬೀಳುವವರೆಗೆ ಎಸೆಯುತ್ತಿರಬೇಕು. ಅದಕ್ಕೆ ಮುಂಚೆ ಕೂಗಿದ ಅಂಕಿಯೇ ಬಿದ್ದರೆ ಹಣ ಹೋಯಿತು. ಮೊದಲು ಗೆಲ್ಲಿಸಬೇಕಾಗಿದ್ದ ಅಂಕಿಯೇ ಈಗ ಸೋಲಿಸುತ್ತದೆ! ಜಾಣರು ಸಾಮಾನ್ಯವಾಗಿ 7ನ್ನೇ ಕೂಗುತ್ತಿದ್ದರು. ಎರಡು ದಾಳಗಳು ಬೀಳುವ 36 ಬಗೆಗಳಲ್ಲಿ 6 ಬಗೆ ಏಳಕ್ಕೇ ಸೇರಿವೆ. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು ಇಂಥ ಜೂಜಿನ ಪ್ರಶ್ನೆಗಳ ಮೇಲೆಯೇ ಪತ್ರ ಬರೆದುಕೊಂಡು ಸಂಭವನೀಯತೆಯ ಶಾಸ್ತ್ರಕ್ಕೆ ತಳಹದಿ ಹಾಕಿದರು. ಇಂದು ವಿಮೆಯ ಕಂತನ್ನು ಗೊತ್ತುಮಾಡುವುದೂ ಅದೇ ಶಾಸ್ತ್ರದಿಂದ.

ಫ್ರೆಂಚರಲ್ಲಿ ಈ ಪದಕ್ಕೆ ಇಂದಿಗೂ ಆಕಸ್ಮಿಕ ಎಂದೇ ಮುಖ್ಯಾರ್ಥ. ಅವರ ಪದ ದಾಳವನ್ನು ಬಿಟ್ಟು ಬಹಳ ದೂರ ಹೋಗಿಲ್ಲ. ಇಂಗ್ಲೀಷಿನದು ಮಾತ್ರ ಹದಿನಾರನೆಯ ಶತಮಾನದ ಹೊತ್ತಿಗೆ ಅಪಾಯದ ಕಡೆಗೆ ವಾಲಿತು. ಷೇಕ್ಸ್‌ಪಿಯರನ ವೆನಿಸ್ಸಿನ ನಾಟಕದಲ್ಲಿ ಸೀಸದ ಪೆಟ್ಟಿಗೆಯ ಮೇಲೆ ಈ ಪದವಿದೆ. ಇದ್ದುದೆಲ್ಲವನ್ನೂ ಪಣಕ್ಕೊಡ್ಡಬೇಕೆಂಬುದು ಅಲ್ಲಿನ ಭಾವ. ಬಿ.ಎ. ತರಗತಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದ ನಮಗೆ ಅದರೊಳಗೆ ದಾಳ ಉರುಳುವ ಸದ್ದು ಕೇಳಿಸಿರಲಿಲ್ಲ. ಪರೀಕ್ಷೆಗೆ ಓದುವವರಿಗೆ ಅದೆಲ್ಲ ಹೇಗೆ ಕೇಳಿಸೀತು!

ಆಟದ ಹೆಸರು ಕಾಯಿದೆಯ ಪುಸ್ತಕಕ್ಕೂ ಬಂತು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ಒಂದೇ ರಾತ್ರಿಯಲ್ಲಿ ಮಲಗಿದ್ದ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅವರಾರೂ ಯಾವ ಅಂಕಿಯನ್ನೂ ಕೂಗಿದವರಲ್ಲ. ಬಳಿಕ 1948ರ ಕಾರ್ಖಾನೆಗಳ ಕಾಯಿದೆಯನ್ನು 1987ರಲ್ಲಿ ತಿದ್ದಿ, 'ಹ್ಯಾಜರ್ಡಸ್' ಕೆಲಸಗಳಿಗೆಂದೇ ಒಂದು ಅಧ್ಯಾಯ ಸೇರಿಸಿದರು. ಬಣ್ಣದ ತಯಾರಿಕೆಯೂ ಆ ಪಟ್ಟಿಯಲ್ಲಿತ್ತು. ಅಲ್ಲಿನ ಅಪಾಯಗಳೇನೆಂಬುದನ್ನು ಕಾರ್ಖಾನೆಯವರು ಕಾರ್ಮಿಕರಿಗೆ ತಿಳಿಸತಕ್ಕದ್ದು ಎಂಬ ವಿಧಿಯೂ ಅದರೊಳಗಿತ್ತು. ನಮ್ಮ ಮುದುಕರ ಪ್ರಶ್ನೆ ಇದ್ದುದು ಅಲ್ಲಿಯೇ.

ನಾಲ್ಕನೆಯ ದಿನ ಅವರು ಬಂದಾಗ ಆ ವಿಧಿಯನ್ನು ಓದಿ ಅರ್ಥ ಹೇಳಿದೆವು. "ನಮಗ ಯಾರೂ ಹೇಳಲಿಲ್ರಿ" ಎಂದರು. ಅವರ ಪರವಾಗಿ ಅರ್ಜಿಯನ್ನು ನಾವೇ ಬರೆದೆವು. 'ಹ್ಯಾಜರ್ಡ್' ಎಂಬ ಪದವನ್ನು ಮಾತ್ರ ಬಳಸಲಿಲ್ಲ. ಬಣ್ಣದ ಪುಡಿ ಉಸಿರಿಗೆ ಹೋಗಿ ಕೆಮ್ಮು ಬಂದಿದೆ, ಪುಡಿಯ ವಿಷಯ ಯಾರೂ ತಿಳಿಸಿರಲಿಲ್ಲ ಎಂದಷ್ಟೇ ಬರೆದೆವು. ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರವಾಗಿ ಕನ್ನಡದಲ್ಲಿ ಸಹಿ ಮಾಡಿ, ಟಪಾಲು ಕೊಡುವ ಸಾಲಿನಲ್ಲಿ ಹೋಗಿ ನಿಂತರು.