ದಯಾಮರಣದ ಪ್ರಶ್ನೆ ಮತ್ತು ನಮ್ಮ ಪಾಲನಾ ಸೇವೆ

‘ದಯಾಮರಣ’ ಎಂಬ ಒಂದೇ ಪದದಿಂದ ನಾವು ಎರಡು ಬೇರೆ ಬೇರೆ ಕೃತ್ಯಗಳನ್ನು ಸೂಚಿಸುತ್ತೇವೆ. ಯಾತನೆಯನ್ನು ಕೊನೆಗಾಣಿಸಲೆಂದು ಮಾರಕ ಔಷಧಿ ನೀಡಿ ರೋಗಿಯ ಪ್ರಾಣ ತೆಗೆಯುವುದು ಸಕ್ರಿಯ ದಯಾಮರಣ. ಫಲ ನೀಡದ ಚಿಕಿತ್ಸೆಯನ್ನು ಆರಂಭಿಸದೆ ಅಥವಾ ಹಿಂತೆಗೆದುಕೊಂಡು, ರೋಗವು ತನ್ನ ಸಹಜ ಅಂತ್ಯವನ್ನು ತಲಪಲು ಬಿಡುವುದನ್ನು ನಿಷ್ಕ್ರಿಯ ದಯಾಮರಣ ಎನ್ನುತ್ತಾರೆ. “ಯಂತ್ರವನ್ನು ತೆಗೆಸಿದರೆ ನಾವೇ ಕೊಂದಂತಾಗುವುದೇ?” ಎಂದು ಕೇಳುವ ಕುಟುಂಬಕ್ಕೆ, ಈ ಭೇದವನ್ನರಿಯದೆ ನಾವು ನೀಡುವ ಉತ್ತರವು ಜೀವನಪರ್ಯಂತದ ಹೊರೆಯಾಗಬಲ್ಲದು.

ಸಮಾಜಗಳು ಈ ಪ್ರಶ್ನೆಯನ್ನು ಭಿನ್ನವಾಗಿ ಎದುರಿಸಿವೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ 2002ರಿಂದ ಸಕ್ರಿಯ ದಯಾಮರಣಕ್ಕೆ ಕಾನೂನಿನ ಅವಕಾಶ ನೀಡಿವೆ; ವ್ಯಕ್ತಿಯ ಸ್ವನಿರ್ಧಾರವೇ ಅಲ್ಲಿನ ಮುಖ್ಯ ಆಧಾರ. ಭಾರತದಲ್ಲಿ ಸಕ್ರಿಯ ದಯಾಮರಣ ಇಂದಿಗೂ ಅಪರಾಧ. ಉತ್ತರ ಕನ್ನಡದ ಹಳದೀಪುರದವರಾದ ದಾದಿ ಅರುಣಾ ಶಾನಭಾಗರು 1973ರಲ್ಲಿ ಮುಂಬೈಯಲ್ಲಿ ಕ್ರೂರ ಹಲ್ಲೆಗೊಳಗಾಗಿ ಪ್ರಜ್ಞಾಶೂನ್ಯ ಸ್ಥಿತಿಗೆ ಜಾರಿದರು. ಅವರ ಪ್ರಕರಣದಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ನಿಷ್ಕ್ರಿಯ ದಯಾಮರಣಕ್ಕೆ ಷರತ್ತುಬದ್ಧ ಅನುಮತಿ ನೀಡಿತು. 2018ರಲ್ಲಿ ಘನತೆಯ ಮರಣದ ಹಕ್ಕನ್ನೂ ಮುಂಗಡ ವೈದ್ಯಕೀಯ ಉಯಿಲನ್ನೂ ಮಾನ್ಯಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು.

ಧರ್ಮಗಳ ನಿಲುವುಗಳನ್ನೂ ನಾವು ಗೌರವದಿಂದ ಅರಿಯಬೇಕು. ಶ್ರವಣಬೆಳಗೊಳದ ಶಾಸನಗಳು ಸಾಕ್ಷಿ ನುಡಿಯುವ ಜೈನರ ಸಲ್ಲೇಖನವು, ರಾಗದ್ವೇಷಗಳನ್ನು ತೊರೆದು ಕೈಗೊಳ್ಳುವ ವ್ರತವಾದುದರಿಂದ ಆತ್ಮಹತ್ಯೆಯಲ್ಲವೆಂಬುದು ಆ ಪರಂಪರೆಯ ವಾದ. 2015ರಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಅದನ್ನು ಅಪರಾಧವೆಂದಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಇಸ್ಲಾಮಿನಲ್ಲಿ ಪ್ರಾಣವು ದೇವರು ಒಪ್ಪಿಸಿದ ಅಮಾನತ್ತು. ಅದನ್ನು ತೆಗೆಯುವ ಅಧಿಕಾರ ವೈದ್ಯನಿಗಿಲ್ಲ. ಆದರೆ ನಿಷ್ಫಲ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ. ಯೆಹೂದ್ಯರಲ್ಲಿ 16ನೇ ಶತಮಾನದ ರಬ್ಬಿ ಮೋಶೆ ಇಸ್ಸರ್ಲಿಸ್, ಸಾಯುತ್ತಿರುವವನ ಮರಣವನ್ನು ತ್ವರೆಗೊಳಿಸುವುದನ್ನು ನಿಷೇಧಿಸಿದರೂ, ಹೊರಗೆ ಸೌದೆ ಒಡೆಯುವ ಸದ್ದು ಪ್ರಾಣದ ನಿರ್ಗಮನವನ್ನು ತಡೆಯುತ್ತಿದ್ದರೆ ಆ ಸದ್ದನ್ನು ನಿಲ್ಲಿಸಬಹುದೆಂದರು.

ಕಥೋಲಿಕ ಬೋಧನೆಯೂ ಇಂಥದೇ ಭೇದವನ್ನು ಎತ್ತಿಹಿಡಿಯುತ್ತದೆ. ಅಸಾಧಾರಣ ಚಿಕಿತ್ಸಾ ಸಾಧನಗಳನ್ನು ಬಳಸುವ ಕರ್ತವ್ಯ ಯಾರಿಗೂ ಇಲ್ಲವೆಂದು ಪೋಪ್ ಹನ್ನೆರಡನೇ ಪಯಸ್ 1957ರಲ್ಲಿಯೇ ವೈದ್ಯರಿಗೆ ತಿಳಿಸಿದರು. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ದಯಾಮರಣವನ್ನು ದೇವರ ಆಜ್ಞೆಯ ಗಂಭೀರ ಉಲ್ಲಂಘನೆಯೆಂದು ಸಾರುತ್ತಲೇ, ಹೊರೆಯಾದ ಚಿಕಿತ್ಸೆಯನ್ನು ತ್ಯಜಿಸುವುದು ಅದಕ್ಕೆ ಸಮನಲ್ಲವೆಂದರು. ಜೀವವು ದೇವರ ವರ, ಆದುದರಿಂದ ಅದನ್ನು ನಾವು ನಾಶಮಾಡುವಂತಿಲ್ಲ. ಆದರೆ ಅದೇ ಪರಮಗುರಿಯಲ್ಲ, ಆದುದರಿಂದ ಪುನರುತ್ಥಾನವನ್ನು ನಂಬುವ ನಾವು ಅದಕ್ಕೆ ಹತಾಶೆಯಿಂದ ಅಂಟಿಕೊಳ್ಳಬೇಕಿಲ್ಲ. ಆದರೂ ಒಂದು ತೊಡಕು ಉಳಿಯುತ್ತದೆ: ನಳಿಕೆಯ ಮೂಲಕ ನೀಡುವ ಆಹಾರ ಮತ್ತು ನೀರನ್ನು ವ್ಯಾಟಿಕನ್ 2007ರಲ್ಲಿ ತಾತ್ತ್ವಿಕವಾಗಿ ಸಾಧಾರಣ ಆರೈಕೆಯೆಂದೇ ಪರಿಗಣಿಸಿತು. ಆದುದರಿಂದ ಕಾನೂನು ಅನುಮತಿಸಿದುದೆಲ್ಲವೂ ನೈತಿಕವಾಗಿ ಸರಿಯೆಂದು ನಾವು ಭಾವಿಸಲಾಗದು.

ಅರುಣಾ ಅವರ ಪ್ರಕರಣದ ಇನ್ನೊಂದು ಮುಖವನ್ನು ನಾವು ಮರೆಯಬಾರದು. ಮರಣದ ಅನುಮತಿ ಕೋರಿದ ಅರ್ಜಿಯನ್ನು ನ್ಯಾಯಾಲಯವು ತಿರಸ್ಕರಿಸಿತು. ಏಕೆಂದರೆ ಅವರನ್ನು ದಶಕಗಳ ಕಾಲ ಉಣಿಸಿ, ತೊಳೆದು, ಮಗ್ಗುಲು ಬದಲಿಸಿದ ಆಸ್ಪತ್ರೆಯ ದಾದಿಯರು ಅವರು ಬದುಕಿರಲೆಂದು ಬಯಸಿದ್ದರು. 2015ರ ಮೇ 18ರಂದು ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಸಾವನ್ನು ಬೇಡುವ ರೋಗಿಯು ಹಲವೊಮ್ಮೆ ನೋವಿನಿಂದ, ಒಂಟಿತನದಿಂದ, ಮನೆಯವರಿಗೆ ಭಾರವಾದೆನೆಂಬ ಕೊರಗಿನಿಂದ ಬಿಡುಗಡೆಯನ್ನು ಬೇಡುತ್ತಿರುತ್ತಾನೆ. ಉಪಶಾಮಕ ಚಿಕಿತ್ಸೆಯನ್ನು ಒದಗಿಸದ, ಹಾಸಿಗೆಯ ಬಳಿ ಕುಳಿತುಕೊಳ್ಳದ ಸಭೆಯು ದಯಾಮರಣವನ್ನು ಖಂಡಿಸಿದರೆ ಆ ಮಾತಿಗೆ ತೂಕವಿರದು. ನಮ್ಮ ಬೋಧನೆಯು ನಂಬಲರ್ಹವಾಗಬೇಕಾದರೆ ನಾವು ಮೊದಲು ಆ ಹಾಸಿಗೆಯ ಬಳಿಗೆ ಹೋಗಬೇಕಾಗಿದೆ.