ಕೊಳವೆಯ ಎರಡು ತುದಿಗಳು

ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆಲ್ಲ ಪರಿಚಿತವಾದ ಒಂದು ತೊಂದರೆಯುಂಟು. ವಹಿಸಿಕೊಟ್ಟ ಕಾರ್ಯ ನಡುವೆಯೇ ನಿಂತುಬಿಡುತ್ತದೆ. ತಪ್ಪಾಯಿತೆಂಬ ಸೂಚನೆ ಬರುವುದಿಲ್ಲ, ಮುಗಿಯಿತೆಂಬ ಸೂಚನೆಯೂ ಬರುವುದಿಲ್ಲ. ಯಂತ್ರ ಕೆಟ್ಟಿಲ್ಲ, ಆದರೂ ಏನೂ ನಡೆಯದು. ಇಂಥ ಮೌನಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬಹು ಸ್ವಾರಸ್ಯವಾದದ್ದು ಒಂದು: ಒಳಗಿರುವ ಎರಡು ಪ್ರೋಗ್ರಾಮುಗಳು ಒಂದಕ್ಕಾಗಿ ಮತ್ತೊಂದು ಕಾಯುತ್ತ ಕುಳಿತಿರುವುದು. ಇದು ಹೇಗೆ ಒದಗುತ್ತದೆ, ಇದನ್ನು ತಪ್ಪಿಸುವ ಬಗೆ ಯಾವುದು ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಎರಡು ಶಬ್ದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಪಾಕಪುಸ್ತಕದಲ್ಲಿ ಬರೆದಿರುವ ಸಾರಿನ ವಿಧಾನ ಬೇರೆ. ಒಲೆಯ ಮೇಲೆ ಕುದಿಯುತ್ತಿರುವ ಸಾರು ಬೇರೆ. ವಿಧಾನದಂತೆ ಇರುವುದು ಪ್ರೋಗ್ರಾಮು. ಕುದಿಯುತ್ತಿರುವ ಸಾರಿನಂತೆ ಇರುವುದು ಪ್ರಕ್ರಿಯೆ. ಒಂದೇ ವಿಧಾನದಿಂದ ಹತ್ತು ಮನೆಗಳಲ್ಲಿ ಸಾರು ಕುದಿಯುವಂತೆ ಒಂದೇ ಪ್ರೋಗ್ರಾಮಿನಿಂದ ಏಕಕಾಲಕ್ಕೆ ಹತ್ತು ಪ್ರಕ್ರಿಯೆಗಳು ನಡೆಯಬಹುದು. ನಡೆಯುತ್ತಿರುವ ಪ್ರಕ್ರಿಯೆಯೊಂದು ತನ್ನ ಕೆಲಸದ ಒಂದು ಭಾಗವನ್ನು ಮಾಡಿಸಲು ಮತ್ತೊಂದು ಪ್ರಕ್ರಿಯೆಗೆ ಜನ್ಮ ಕೊಡಬಲ್ಲುದು. ಆಗ ಮೊದಲನೆಯದು ತಾಯಿ, ಎರಡನೆಯದು ಮಗು.

ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಈ ಜನನದ ರೀತಿ ವಿಚಿತ್ರವಾದದ್ದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಲ್ಲಿ ಆರಂಭಿಸಿದ ವ್ಯವಸ್ಥೆ ಇದು. ಇಲ್ಲಿ ತಾಯಿ 'ಫೋರ್ಕ್' ಎಂಬ ಆಜ್ಞೆ ನೀಡಿದೊಡನೆ ಅದರ ಪಡಿಯಚ್ಚೇ ಆದ ಮತ್ತೊಂದು ಪ್ರಕ್ರಿಯೆ ಹುಟ್ಟುತ್ತದೆ. ಎರಡೂ ಒಂದೇ ಸಾಲಿನಿಂದ ಮುಂದುವರಿಯುತ್ತವೆ. ಹಾಗಾದರೆ ತಾಯಿ ಯಾರು, ಮಗು ಯಾರು ಎಂದು ಅವುಗಳಿಗೇ ತಿಳಿಯುವುದೆಂತು? ತಾಯಿಗೆ ಮಗುವಿನ ಸಂಖ್ಯೆ ಉತ್ತರವಾಗಿ ಬರುತ್ತದೆ. ಮಗುವಿಗೆ ಸೊನ್ನೆ ಬರುತ್ತದೆ. ಬಳಿಕ ಮಗು 'ಎಕ್ಸೆಕ್' ಎಂಬ ಇನ್ನೊಂದು ಆಜ್ಞೆಯಿಂದ ತನ್ನ ಒಳಗನ್ನೆಲ್ಲ ಬದಲಿಸಿ ಬೇರೊಂದು ಪ್ರೋಗ್ರಾಮಿನ ರೂಪ ತಾಳುತ್ತದೆ. ರೂಪ ಬದಲಾದರೂ ತಾಯಿ ತೆರೆದಿಟ್ಟಿದ್ದ ಕಡತಗಳು ಮಗುವಿನ ಕೈಯಲ್ಲಿ ಹಾಗೆಯೇ ಉಳಿದಿರುತ್ತವೆ. ಈ ಪಿತ್ರಾರ್ಜಿತವನ್ನು ನೆನಪಿನಲ್ಲಿಡಬೇಕು. ವರವೂ ತೊಡಕೂ ಎರಡೂ ಇದರಿಂದಲೇ ಬರುತ್ತವೆ.

ಮಗುವಿನೊಡನೆ ಮಾತನಾಡಲು ಒಂದು ಮಾರ್ಗ ಬೇಕಷ್ಟೆ. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದು ನೇರವಾಗಿ ಇನ್ನೊಂದಕ್ಕೆ ಹರಿಯುವಂತೆ, ತೋಟದ ನೀರಿನ ಕೊಳವೆಗಳನ್ನು ಜೋಡಿಸುವ ಹಾಗೆ, ಪ್ರೋಗ್ರಾಮುಗಳನ್ನು ಜೋಡಿಸಬೇಕೆಂದು ಅದೇ ಪ್ರಯೋಗಾಲಯದ ಡಗ್ಲಸ್ ಮೆಕ್‌ಇಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿಯಲ್ಲಿ ಸೂಚಿಸಿದ್ದರು. ಯುನಿಕ್ಸ್ ಹುಟ್ಟಿದ ಮೇಲೂ ಅವರು ಒತ್ತಾಯ ಬಿಡಲಿಲ್ಲ. ಕಡೆಗೆ 1973ರಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಸಾಧ್ಯವಾಗಿಸಿದರು. ಅದೇ 'ಪೈಪ್', ಎಂದರೆ ಕೊಳವೆ. ಅದಕ್ಕೆ ಎರಡು ತುದಿ: ಒಂದರಲ್ಲಿ ಬರೆಯುವುದು, ಇನ್ನೊಂದರಲ್ಲಿ ಓದುವುದು.

ಇದರ ಬಲ ಎಷ್ಟೆಂಬುದು 1986ರ ಒಂದು ಪ್ರಸಂಗದಿಂದ ಚೆನ್ನಾಗಿ ತಿಳಿಯುತ್ತದೆ. ಒಂದು ಬರಹದಲ್ಲಿ ಅತಿ ಹೆಚ್ಚು ಸಲ ಬರುವ ಪದಗಳನ್ನು ಪಟ್ಟಿಮಾಡುವ ಪ್ರೋಗ್ರಾಮನ್ನು ವಿಖ್ಯಾತ ಗಣಕ ವಿದ್ವಾಂಸ ಡೊನಾಲ್ಡ್ ಕ್ನೂತ್ ಬರೆದು, ವಿವರಣೆಯೊಡನೆ ಹಲವು ಪುಟಗಳಲ್ಲಿ ಪ್ರಕಟಿಸಿದರು. ಅದನ್ನು ವಿಮರ್ಶಿಸಿದ ಮೆಕ್‌ಇಲ್‌ರಾಯ್, ಅದರ ಸೊಗಸನ್ನು ಮೆಚ್ಚಿಯೂ, ಅದೇ ಕೆಲಸವನ್ನು ಆರು ಪುಟ್ಟ ಪ್ರೋಗ್ರಾಮುಗಳ ಸರಪಣಿಯಿಂದ ಮಾಡಿ ತೋರಿಸಿದರು. ಮೊದಲನೆಯದು ಸಾಲಿಗೊಂದರಂತೆ ಪದಗಳನ್ನು ಬಿಡಿಸುತ್ತದೆ. ಎರಡನೆಯದು ದೊಡ್ಡಕ್ಷರಗಳನ್ನು ಚಿಕ್ಕದಾಗಿಸುತ್ತದೆ. ಮೂರನೆಯದು ಅಕಾರಾದಿಯಾಗಿ ಜೋಡಿಸುತ್ತದೆ. ನಾಲ್ಕನೆಯದು ಒಂದೇ ಬಗೆಯವನ್ನು ಎಣಿಸುತ್ತದೆ. ಐದನೆಯದು ಎಣಿಕೆಯ ಇಳಿಕೆಯ ಕ್ರಮದಲ್ಲಿರಿಸುತ್ತದೆ. ಆರನೆಯದು ಬೇಕಾದಷ್ಟು ಸಾಲು ತೋರಿಸಿ ನಿಲ್ಲುತ್ತದೆ. ಈ ಆರರಲ್ಲಿ ಯಾವುದೂ ಮತ್ತೊಂದನ್ನು ಅರಿಯದು. ಬಂದದ್ದನ್ನು ಓದುವುದು, ಮಾಡಿದ್ದನ್ನು ಬರೆಯುವುದು, ಇಷ್ಟೇ ಅವಕ್ಕೆ ಗೊತ್ತು. ಅಪರಿಚಿತರು ಸೇರಿ ಒಂದು ದೊಡ್ಡ ಕೆಲಸ ಮಾಡಲು ಶಕ್ಯವಾದದ್ದೇ ಕೊಳವೆಯ ಹಿರಿಮೆ.

ಆದರೆ ಇಂಥ ಸಹಕಾರ ಕೆಲವು ಕಟ್ಟುಪಾಡುಗಳ ಮೇಲೆ ನಿಂತಿದೆ. ಮೊದಲನೆಯದು, ಹೇಳುವುದು ಮುಗಿದೊಡನೆ ತುದಿಯನ್ನು ಮುಚ್ಚಬೇಕು. ಜೋಡಿಸುವ ಪ್ರೋಗ್ರಾಮನ್ನೇ ನೋಡಿ. ಎಲ್ಲ ಪದಗಳೂ ಬಂದು ಮುಗಿಯುವವರೆಗೆ ಅದು ಒಂದನ್ನೂ ಹೊರಗೆ ಕೊಡಲಾರದು. ಏಕೆಂದರೆ ಮೊದಲ ಸ್ಥಾನಕ್ಕೆ ಸಲ್ಲತಕ್ಕ ಪದ ಕಟ್ಟಕಡೆಗೆ ಬಂದರೂ ಬರಬಹುದು. ಪದಗಳು ಮುಗಿದವೆಂದು ಅದಕ್ಕೆ ಗೊತ್ತಾಗುವುದು ಬರೆಯುವ ತುದಿ ಮುಚ್ಚಿದಾಗ ಮಾತ್ರ. ತಾಯಿ ಎಲ್ಲವನ್ನೂ ಬರೆದು, ತುದಿಯನ್ನು ಮುಚ್ಚಲು ಮರೆತು, ಉತ್ತರಕ್ಕಾಗಿ ಕಾಯತೊಡಗಿದರೆ, ಮಗು ಮುಂದಿನ ಪದಕ್ಕಾಗಿ ಕಾಯುತ್ತದೆ. ಇಬ್ಬರದೂ ಕೊನೆಯಿಲ್ಲದ ನಿರೀಕ್ಷೆ.

ಇದರೊಳಗೆ ಇನ್ನೂ ಸೂಕ್ಷ್ಮವಾದ ಒಂದು ತೊಡಕಿದೆ. ಕೊಳವೆಯನ್ನು ಸಿದ್ಧಮಾಡಿ ಆನಂತರ ಮಗುವನ್ನು ಹುಟ್ಟಿಸುವುದರಿಂದ ತಾಯಿಯ ಬಳಿ ಎರಡು ತುದಿ, ಮಗುವಿನ ಬಳಿ ಎರಡು ತುದಿ ಇರುತ್ತವೆ. ಬರೆಯುವ ತುದಿಯ ಒಂದೇ ಒಂದು ಪ್ರತಿ ಎಲ್ಲಿ ತೆರೆದಿದ್ದರೂ ಓದುವವನಿಗೆ 'ಮುಗಿಯಿತು' ಎಂಬ ಸೂಚನೆ ಸಿಗದು. ಮಗು ತನಗೆ ಬೇಡದ ಬರೆಯುವ ತುದಿಯನ್ನು ಮುಚ್ಚದೆ ಹಿಡಿದುಕೊಂಡಿದ್ದರೆ ತಾನೇ ತನ್ನ ಮಾತಿಗಾಗಿ ಕಾಯುತ್ತ ಕೂರುತ್ತದೆ! ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಮಾತು ನೆನಪಾಗುತ್ತದೆ. ಆಮೇಲೆ ಹುಟ್ಟಿದ ಮತ್ತೊಂದು ಮಗುವೂ ತನಗರಿಯದಂತೆ ಅದೇ ತುದಿಯನ್ನು ಪಿತ್ರಾರ್ಜಿತವಾಗಿ ಪಡೆದಿರಬಹುದು. ಈ ಬಗೆಯ ತೊಂದರೆಗಳನ್ನು ಮನಗಂಡೇ ಪೈಥಾನ್ ಭಾಷೆಯ 3.4ನೆಯ ಆವೃತ್ತಿಯಲ್ಲಿ, 2014ರಲ್ಲಿ, ಪ್ರೋಗ್ರಾಮು ಹೊಸದಾಗಿ ತೆರೆದ ಕಡತಗಳೂ ಕೊಳವೆಗಳೂ ಸ್ಪಷ್ಟವಾಗಿ ಕೇಳದ ಹೊರತು ಬೇರೆ ಪ್ರೋಗ್ರಾಮಿನ ರೂಪ ತಾಳಿದ ಮಗುವಿಗೆ ಸಲ್ಲಬಾರದೆಂಬ ನಿಯಮವನ್ನು ತಂದರು.

ಎರಡನೆಯ ಕಟ್ಟುಪಾಡು, ಬರೆಯುವವನು ಓದುವುದನ್ನೂ ಮರೆಯಬಾರದು. ಕೊಳವೆಯಲ್ಲಿ ಹಿಡಿಸುವುದು ಮಿತವಾದ ಮೊತ್ತ. 1970ರ ದಶಕದ ಯುನಿಕ್ಸಿನಲ್ಲಿ ಅದು 4,096 ಬೈಟುಗಳಷ್ಟಿತ್ತು. ಇಂದಿನ ಲಿನಕ್ಸಿನಲ್ಲಿ ಸಾಮಾನ್ಯವಾಗಿ 65,536. ತುಂಬಿದ ಕೊಳವೆಗೆ ಬರೆಯಹೋದವನು ಜಾಗ ತೆರವಾಗುವವರೆಗೆ ನಿಲ್ಲಲೇಬೇಕು. ಈಗ ತಾಯಿ ಹತ್ತು ಲಕ್ಷ ಬೈಟುಗಳನ್ನು ಮಗುವಿಗೆ ಕೊಟ್ಟು, ಆಮೇಲೆ ಉತ್ತರ ಓದಿದರಾಯಿತು ಎಂದುಕೊಂಡಿದೆಯೆನ್ನಿ. ಮಗು ಓದುತ್ತ ಓದುತ್ತ ಉತ್ತರ ಬರೆಯುತ್ತದೆ; ಅದನ್ನು ಓದುವವರಿಲ್ಲದೆ ಉತ್ತರದ ಕೊಳವೆ ತುಂಬುತ್ತದೆ; ಮಗು ನಿಲ್ಲುತ್ತದೆ; ಅದು ಓದದ್ದರಿಂದ ತಾಯಿಯ ಕೊಳವೆಯೂ ತುಂಬಿ ತಾಯಿಯೂ ನಿಲ್ಲುತ್ತದೆ. ಮಗುವಿನ ಉತ್ತರವನ್ನು ಓದದೆ, ಅದರ ಮುಕ್ತಾಯಕ್ಕಾಗಿ ಕಾಯುವ ತಾಯಿಗೂ ಇದೇ ಗತಿ.

ಇಲ್ಲಿ ನಿಜವಾದ ಅಪಾಯವೆಂದರೆ, ನೂರು ಸಾಲುಗಳ ಪರೀಕ್ಷೆಯಲ್ಲಿ ಈ ದೋಷ ಹೊರಬೀಳುವುದೇ ಇಲ್ಲ. ಕೊಳವೆ ತುಂಬದಿರುವಾಗ ಎಲ್ಲವೂ ಸುಸೂತ್ರ. ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರೋಗ್ರಾಮು ನಿಜವಾದ ಹೊರೆ ಬಿದ್ದ ದಿನ ಸದ್ದಿಲ್ಲದೆ ನಿಲ್ಲುತ್ತದೆ. ಪರಿಹಾರವೇನೂ ಕಠಿಣವಲ್ಲ. ಜಾಗವಿದ್ದಾಗ ಬರೆಯುವುದು, ಉತ್ತರ ಬಂದಾಗ ಓದುವುದು, ಹೀಗೆ ಎರಡು ಕಡೆಗೂ ಗಮನವಿಟ್ಟರೆ ಸಾಕು. ಪೈಥಾನಿನಲ್ಲಿ 2004ರಿಂದ ಇರುವ 'ಕಮ್ಯುನಿಕೇಟ್' ಎಂಬ ಸಾಧನ ಮಾಡುವುದು ಇದನ್ನೇ. ಮಗು ತಪ್ಪುಗಳನ್ನು ವರದಿಮಾಡುವ ಪ್ರತ್ಯೇಕ ಕೊಳವೆಯಿದ್ದರೆ ಅದನ್ನೂ ಮರೆಯದೆ ಓದುತ್ತದೆ.

ಕಡೆಯ ಕಟ್ಟುಪಾಡು, ಮಗುವಿನ ಅಂತ್ಯವನ್ನು ತಾಯಿ ವಿಚಾರಿಸಬೇಕು. ಮುಗಿದ ಮಗು ತಾನು ಗೆದ್ದೆನೋ ಸೋತೆನೋ ಎಂಬ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ತಾಯಿ ಅದನ್ನು ಕೇಳಿ ಪಡೆಯುವವರೆಗೆ ಮಗುವಿನ ಹೆಸರು ವ್ಯವಸ್ಥೆಯ ಪಟ್ಟಿಯಲ್ಲಿ ಪ್ರೇತದಂತೆ ಉಳಿದಿರುತ್ತದೆ. ಕೇಳದಿದ್ದರೆ ಇನ್ನೊಂದು ಕೇಡು: ಸೋತ ಮಗುವಿನ ಅರ್ಧ ಉತ್ತರವನ್ನೇ ಪೂರ್ಣವೆಂದು ತಾಯಿ ನಂಬಿಬಿಡಬಹುದು. ನಿಂತುಹೋದ ಕೆಲಸವಾದರೂ ಕಣ್ಣಿಗೆ ಬೀಳುತ್ತದೆ. ಅರ್ಧವಾದ ಉತ್ತರ ಪೂರ್ಣದ ವೇಷದಲ್ಲಿಯೇ ಮುಂದಕ್ಕೆ ಸಾಗುತ್ತದೆ. ಆದ್ದರಿಂದ ಮಗುವನ್ನು ಹುಟ್ಟಿಸುವ ಪ್ರೋಗ್ರಾಮನ್ನು ಬರೆಯುವವರು ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಕಂಡುಕೊಂಡಿರಬೇಕು: ಯಾವ ತುದಿ ಯಾರ ಕೈಯಲ್ಲಿದೆ? ಅದನ್ನು ಮುಚ್ಚುವವರು ಯಾರು? ಮಗು ಹೇಗೆ ಮುಗಿಯಿತೆಂದು ಕೇಳುವವರು ಯಾರು?