ಹಾಜರಿ ಕೂಗಿದ ಮೇಲೆ ಅಕ್ಕಿ ಅಳೆಯುತ್ತಾರೆ

ಸರ್ಕಾರಿ ಶಾಲೆಯಲ್ಲಿ ಬೆಳಗಿನ ಹಾಜರಿಗೆ ಎರಡು ಉಪಯೋಗ. ಯಾರು ಬಂದಿದ್ದಾರೆ ಎಂಬುದು ಮೇಷ್ಟ್ರಿಗೆ ಬೇಕು, ಎಷ್ಟು ಮಂದಿ ಬಂದಿದ್ದಾರೆ ಎಂಬುದು ಅಡುಗೆಮನೆಗೆ. ಆ ಸಂಖ್ಯೆ ನೋಡಿಯೇ ಅಕ್ಕಿ ಅಳೆಯುವುದು. ಬೇಳೆ, ಎಣ್ಣೆ, ತರಕಾರಿ, ಕೊನೆಗೆ ಶಾಲೆಗೆ ಸಲ್ಲುವ ದುಡ್ಡು, ಎಲ್ಲಕ್ಕೂ ಅದೇ ಆಧಾರ. ಬಿಸಿಯೂಟ ನಡೆಯುವುದು ತಲೆ ಲೆಕ್ಕದ ಮೇಲೆ.

ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. ಕರ್ನಾಟಕದಲ್ಲಿ 2002–03ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಹೆಸರಲ್ಲಿ ಬಿಸಿಯೂಟ ಶುರುವಾಗಿ, ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿ ಹತ್ತನೇ ತರಗತಿಯವರೆಗೆ ಬೆಳೆಯಿತು. ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳ ಹಲವು ಶಾಲೆಗಳಿಗೆ ದೊಡ್ಡ ಅಡುಗೆಮನೆಗಳಿಂದ ಊಟ ವ್ಯಾನಿನಲ್ಲಿ ಬರುತ್ತದೆ. ಹಳ್ಳಿಯ ಶಾಲೆಗಳಲ್ಲಿ ಸಾಮಾನ್ಯವಾಗಿ ಅಲ್ಲಲ್ಲೇ ಬೇಯಿಸುತ್ತಾರೆ.

ಯಾವುದು ಎಲ್ಲಿಂದ?

ಅಕ್ಕಿಯನ್ನು ಭಾರತ ಆಹಾರ ನಿಗಮದ ದಾಸ್ತಾನಿನಿಂದ ಕೇಂದ್ರ ಸರ್ಕಾರ ಉಚಿತವಾಗಿ ಕೊಡುತ್ತದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ತರಗತಿಯವರಿಗೆ ಇದರ ಒಂದೂವರೆ ಪಟ್ಟು. ಚಿಕ್ಕವರ ತಟ್ಟೆಯಲ್ಲಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಇರಬೇಕು. ದೊಡ್ಡವರದರಲ್ಲಿ 700 ಕ್ಯಾಲರಿ, 20 ಗ್ರಾಂ.

ಧಾನ್ಯ ಬಿಟ್ಟು ಉಳಿದ ಸಾಮಗ್ರಿಯ ವೆಚ್ಚಕ್ಕೆ 2025ರ ಮೇ 1ರಿಂದ ನಿಗದಿಯಾದ ದರ ಚಿಕ್ಕ ಮಕ್ಕಳಿಗೆ ದಿನಕ್ಕೆ ₹6.78, ದೊಡ್ಡವರಿಗೆ ₹10.17. ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಒಂಬತ್ತು, ಹತ್ತನೇ ತರಗತಿಗಳ ಊಟದ ಖರ್ಚು ಪೂರ್ತಿ ರಾಜ್ಯದ್ದೇ.

ಈ ಮೊತ್ತ ಇಡಿಯಾಗಿ ಶಾಲೆಯ ಕೈ ಸೇರುವುದಿಲ್ಲ. ನಮ್ಮಲ್ಲಿ ತೊಗರಿ ಬೇಳೆ, ಎಣ್ಣೆಯನ್ನೂ ಸಾಮಗ್ರಿಯಾಗಿಯೇ ಪೂರೈಸುತ್ತಾರೆ. ತರಕಾರಿ, ಸಾಂಬಾರ್ ಪುಡಿ, ಉಪ್ಪು, ಗ್ಯಾಸಿಗೆ ಸಲ್ಲುವ ಭಾಗ ಮಾತ್ರ ಶಾಲೆಯ ಬಿಸಿಯೂಟದ ಖಾತೆಗೆ ಬೀಳುತ್ತದೆ.

ಒಲೆಯ ಮುಂದೆ

25 ಮಕ್ಕಳವರೆಗೆ ಒಬ್ಬರು ಅಡುಗೆಯವರು, 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು ಎಂಬುದು ನಿಯಮ. ಇವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಕೇಂದ್ರದ ಲೆಕ್ಕದಲ್ಲಿ ಅದು ತಿಂಗಳಿಗೆ ₹1,000, ಅದೂ ವರ್ಷದಲ್ಲಿ ಹತ್ತು ತಿಂಗಳು. ಅದರ ಮೇಲೆ ರಾಜ್ಯ ತನ್ನ ಕಡೆಯಿಂದ ಸೇರಿಸಿ ಕೊಡುತ್ತದೆ.

ಅಡುಗೆ ಇಳಿದ ಕೂಡಲೇ ಬಡಿಸುವಂತಿಲ್ಲ. ಶಿಕ್ಷಕರೊಬ್ಬರು ಸೇರಿದಂತೆ ಎರಡು-ಮೂರು ಮಂದಿ ಹಿರಿಯರು ಮೊದಲು ಉಂಡು ನೋಡಬೇಕು ಎಂದು ಬಿಸಿಯೂಟದ 2015ರ ನಿಯಮಗಳು ಹೇಳುತ್ತವೆ. ಅದೇ ನಿಯಮಗಳಲ್ಲಿ ಪೋಷಕರು ತಿಳಿದಿರಬೇಕಾದ ಇನ್ನೆರಡು ಮಾತಿವೆ. ಬಿಸಿಯೂಟದ ಹಣ ತಡವಾದರೆ ಶಾಲೆಯಲ್ಲಿರುವ ಬೇರೆ ಹಣ ಬಳಸಿ ಊಟ ಮುಂದುವರಿಸುವ ಅಧಿಕಾರ ಮುಖ್ಯ ಶಿಕ್ಷಕರಿಗಿದೆ. ಅಕ್ಕಿ, ದುಡ್ಡು, ಗ್ಯಾಸ್ ಅಥವಾ ಅಡುಗೆಯವರು ಇಲ್ಲವೆಂದು ಊಟ ತಪ್ಪಿದರೆ, ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಮುಂದಿನ ತಿಂಗಳ 15ರೊಳಗೆ ಭತ್ಯೆಯಾಗಿ ಕೊಡಬೇಕು.

ಎಲ್ಲಿ ಸಾಲದು?

200 ಚಿಕ್ಕ ಮಕ್ಕಳ ಶಾಲೆಗೆ ದಿನಕ್ಕೆ ₹1,356 ಲೆಕ್ಕ. 20 ಮಕ್ಕಳ ಶಾಲೆಗೆ ₹135.60. ತರಕಾರಿ ಮೊದಲನೆಯದಕ್ಕೆ ಹತ್ತು ಕೆ.ಜಿ., ಎರಡನೆಯದಕ್ಕೆ ಒಂದೇ ಕೆ.ಜಿ. ಹತ್ತು ಕೆ.ಜಿ. ಕೊಳ್ಳುವವರು ಸಂತೆಯಲ್ಲಿ ಚೌಕಾಸಿ ಮಾಡಬಹುದು, ಒಂದು ಕೆ.ಜಿ.ಗೆ ಅಂಗಡಿಯವರು ಹೇಳಿದ್ದೇ ಬೆಲೆ. ಇಪ್ಪತ್ತು ಮಂದಿಗೆ ಬೇಳೆ ಬೇಯಲು ಇನ್ನೂರು ಮಂದಿಯ ಗ್ಯಾಸಿನ ಹತ್ತನೇ ಒಂದು ಪಾಲು ಸಾಲುವುದಿಲ್ಲ. ದುಡ್ಡನ್ನು ತಲೆಗಿಷ್ಟೆಂದು ಭಾಗಿಸಬಹುದು, ಒಲೆಯ ಉರಿಯನ್ನು ಹಾಗೆ ಭಾಗಿಸಲಾಗದು. ಟೊಮೆಟೊ ಬೆಲೆ ಏರಿದಾಗ ಸಾಂಬಾರು ಮೊದಲು ತೆಳುವಾಗುವುದು ಸಣ್ಣ ಶಾಲೆಗಳಲ್ಲಿ.

ಆ ಕೊರತೆಗೆ ಊರು ಕೈಜೋಡಿಸುತ್ತದೆ. ಶಾಲೆಯ ಕೈತೋಟದಲ್ಲಿ ಬೆಳೆದ ನುಗ್ಗೆ, ಬಸಳೆ, ಕರಿಬೇವು, ಯಾರದೋ ಹೊಲದಿಂದ ಬಂದ ಕುಂಬಳಕಾಯಿ, ಹುಟ್ಟುಹಬ್ಬದ ದಿನ ಒಂದು ಸಿಹಿ. ದಾನಿಗಳು ವಿಶೇಷ ಊಟ ಕೊಡುವುದಕ್ಕೆ ‘ತಿಥಿ ಭೋಜನ’ ಎಂಬ ಹೆಸರಲ್ಲಿ ಸರ್ಕಾರದ ಒಪ್ಪಿಗೆಯೂ ಇದೆ.

ಊಟದ ಹೊರಗಿನ ಲೆಕ್ಕಗಳು ಬೇರೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ ಮಗುವಿಗೆ 18 ಗ್ರಾಂ ಹಾಲಿನ ಪುಡಿ ಕದಡಿ 150 ಮಿ.ಲೀ. ಹಾಲು ಕೊಡುತ್ತಾರೆ. ವಾರಕ್ಕೆ ಎರಡು ದಿನ ರಾಜ್ಯ ಸರ್ಕಾರ ಕೊಡುತ್ತಿದ್ದ ಮೊಟ್ಟೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ಆರು ದಿನಕ್ಕೇರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗುವ ಪೋಷಕರಿಗೆ ಇದೆಲ್ಲ ನೆನಪಿರಬೇಕಾಗಿಲ್ಲ. ನಿನ್ನೆ ಎಷ್ಟು ಮಕ್ಕಳು ಉಂಡರು, ಎಷ್ಟು ತರಕಾರಿ ತಂದಿರಿ ಎಂದು ಕೇಳಿದರೆ ಸಾಕು. ಚಿಕ್ಕವರಾದರೆ ಇಪ್ಪತ್ತು ಮಂದಿಗೆ ಒಂದು ಕೆ.ಜಿ. ಅಷ್ಟು ಬಂದಿಲ್ಲವೆಂದಾದರೆ ಅಡುಗೆಯವರನ್ನು ದೂರುವ ಮುನ್ನ, ಖಾತೆಗೆ ಹಣ ಯಾವಾಗ ಬಿದ್ದಿತ್ತು ಎಂದು ಕೇಳಿ.